ನಾಲ್ಕು ಬೆಟ್ಟ, ಎರಡು ದೋಣಿ: ಆನೆಗೊಂದಿ–ಹಂಪಿಯ ಒಂದು ದಿನದ ಸುತ್ತು

ತಳವಾರಘಟ್ಟಕ್ಕೆ ನಾವು ಬಂದಾಗ ಹರಿಗೋಲು ದಡದ ಮೇಲೆ ಬೋರಲು ಮಲಗಿತ್ತು. ಬೆಳಗ್ಗೆಯಿಂದ ನಾಲ್ಕು ಬೆಟ್ಟ ಹತ್ತಿ ಇಳಿದಿದ್ದೆವು. ಎದುರು ದಡದಲ್ಲಿ ಆನೆಗೊಂದಿಯ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ನಮ್ಮ ಚೀಲ, ಊಟ, ಹಾಸಿಗೆ ಎಲ್ಲ ಆ ದಡದಲ್ಲಿತ್ತು. ದಾಟಿಸುವವರು ಮಾತ್ರ ಇರಲಿಲ್ಲ. ಮಾತಂಗ ಬೆಟ್ಟದ ಮೇಲೆ ಸೂರ್ಯ ಮುಳುಗುವುದನ್ನು ನೋಡುತ್ತ ಅರ್ಧ ತಾಸು ಹೆಚ್ಚಿಗೆ ಕೂತಿದ್ದೆವು. ಆ ಅರ್ಧ ತಾಸಿಗೆ ಬೆಲೆ ತೆತ್ತೆವು. ಕತ್ತಲಲ್ಲಿ ಆಟೊ ಹುಡುಕಿ, ಬುಕ್ಕಸಾಗರ–ಕಡೇಬಾಗಿಲು ಸೇತುವೆ ದಾಟಿ, ಬಳಸಿಕೊಂಡು ಆನೆಗೊಂದಿ ಸೇರಿದಾಗ ಊರು ಮಲಗಿತ್ತು.

ಆ ರಾತ್ರಿ ಕಲಿತದ್ದನ್ನೇ ಈ ಲೇಖನದಲ್ಲಿ ಹೇಳುತ್ತಿದ್ದೇನೆ. ಸುತ್ತು ಚಾರಣ ಕೈಕೊಡುವುದು ಬೆಟ್ಟದ ಎತ್ತರದಲ್ಲಲ್ಲ, ದಾರಿಯ ಅತಿ ದುರ್ಬಲ ಕೊಂಡಿಯಲ್ಲಿ. ಆ ಕೊಂಡಿ ಎಲ್ಲಿದೆ ಎಂದು ಮೊದಲು ಹುಡುಕಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ದಿನವನ್ನು ಕಟ್ಟಬೇಕು. ಆನೆಗೊಂದಿ–ಹಂಪಿಯ ಸುತ್ತಿನಲ್ಲಿ ಅಂಥ ಕೊಂಡಿಗಳು ಎರಡು. ಎರಡೂ ತುಂಗಭದ್ರೆಯ ಮೇಲಿವೆ.

ಸುತ್ತು ಎಂದರೆ ಏನು ಬದಲಾಗುತ್ತದೆ

ಒಂದೇ ಬೆಟ್ಟ ಹತ್ತಿ ಅದೇ ದಾರಿಯಲ್ಲಿ ಇಳಿಯುವುದರಲ್ಲಿ ಒಂದು ನೆಮ್ಮದಿ ಇದೆ. ಬಂದ ದಾರಿ ಗೊತ್ತಿರುತ್ತದೆ. ದಣಿದರೆ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಬಹುದು, ತಿರುಗಿದ ಗಳಿಗೆಯಿಂದ ಮನೆ ಹತ್ತಿರವಾಗುತ್ತಲೇ ಹೋಗುತ್ತದೆ. ಸುತ್ತಿನಲ್ಲಿ ಹಾಗಿಲ್ಲ. ಪ್ರತಿ ಹೆಜ್ಜೆಯೂ ಹೊಸ ದಾರಿ. ಅರ್ಧ ದಾಟಿದ ಮೇಲಂತೂ ಹಿಂದಕ್ಕೆ ಹೋಗುವುದು ಮುಂದಕ್ಕೆ ಹೋಗುವುದಕ್ಕಿಂತ ದೂರವಾಗುತ್ತದೆ. ಕಾಲು ಸೋತ ಹೊತ್ತಿಗೇ ಹಿಂದಿರುಗುವ ಆಸರೆಯೂ ತಪ್ಪುತ್ತದೆ.

ಹಾಗಾಗಿ ಸುತ್ತು ಚಾರಣಕ್ಕೆ ಮೂರು ಸಂಗತಿ ಮೊದಲೇ ಗೊತ್ತಿರಬೇಕು. ಯಾವ ದಿಕ್ಕಿಗೆ ಸುತ್ತಬೇಕು, ನಡುವೆ ಎಲ್ಲೆಲ್ಲಿ ಬಿಟ್ಟು ಹೊರಬರಬಹುದು, ಯಾವ ಜಾಗವನ್ನು ಎಷ್ಟು ಗಂಟೆಯೊಳಗೆ ದಾಟಲೇಬೇಕು. ಈ ಮೂರಕ್ಕೆ ಉತ್ತರ ಬರೆದಿಟ್ಟುಕೊಳ್ಳದೆ ಹೊರಡಬೇಡಿ.

ನಮ್ಮ ಕಡೆಯವರಿಗೆ ಈ ಸುತ್ತೇ ಏಕೆ

ನಾವು ರಾಯಚೂರು ಸೀಮೆಯ ಮಸರಕಲ್ ಕಡೆಯವರು. ಊರ ಹೆಸರಲ್ಲೇ ಕಲ್ಲಿದೆ. ಕೃಷ್ಣಾ–ತುಂಗಭದ್ರೆಗಳ ನಡುವಿನ ಈ ಎಡೆದೊರೆ ನಾಡಿನಲ್ಲಿ ನೆಲ ಬಹುತೇಕ ಬಯಲು, ಅಲ್ಲಲ್ಲಿ ಎದ್ದು ನಿಂತ ಗ್ರಾನೈಟ್ ಗುಡ್ಡಗಳು. ಚಾರಣ ಎಂದಾಕ್ಷಣ ನಮ್ಮ ಹುಡುಗರು ಮಲೆನಾಡಿನ ಹೆಸರು ಹೇಳುತ್ತಾರೆ: 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, 1,712 ಮೀಟರಿನ ಕುಮಾರಪರ್ವತ. ಹೋಗಲಿ, ಚೆನ್ನಾಗಿಯೇ ಇವೆ. ಆದರೆ ಒಂದಾದ ಮೇಲೊಂದು ನೆತ್ತಿಗಳನ್ನು ಹತ್ತಿಳಿದು, ಹೊರಟ ಜಾಗಕ್ಕೇ ಒಂದು ದಿನದಲ್ಲಿ ಬಂದು ಸೇರುವ ಸುತ್ತು ಬೇಕೆಂದರೆ ಅಷ್ಟು ದೂರ ಹೋಗಬೇಕಿಲ್ಲ. ರಾಯಚೂರಿನಿಂದ ಮಾನ್ವಿ, ಸಿಂಧನೂರು ಮೇಲೆ ಗಂಗಾವತಿಗೆ ಬಂದರೆ ಅಲ್ಲಿಂದ ಆನೆಗೊಂದಿ ಹತ್ತಿರವೇ. ಮಸರಕಲ್‌ನವರು ಮಾನ್ವಿಗೆ ಬಂದು ಅದೇ ಬಸ್ಸು ಹಿಡಿದರಾಯಿತು.

ಎತ್ತರ ಕೇಳಿದರೆ ಕೆಲವರು ನಕ್ಕಾರು. ಅಂಜನಾದ್ರಿಗೆ 575 ಮೆಟ್ಟಿಲು. ಮೆಟ್ಟಿಲಿಗೆ 18 ಸೆಂಟಿಮೀಟರ್ ಹಿಡಿದರೆ ಏರಿಕೆ ನೂರು ಮೀಟರಿನ ಆಸುಪಾಸು. ಹಂಪಿಯ ಅತಿ ಎತ್ತರದ ಮಾತಂಗವೂ ಹೆಚ್ಚುಕಡಿಮೆ ಅಷ್ಟೇ. ನಾಲ್ಕೂ ಬೆಟ್ಟದ ಏರಿಕೆ ಕೂಡಿಸಿದರೂ 400 ಮೀಟರ್ ದಾಟುವುದಿಲ್ಲ. ಆದರೂ ಇದು ಕಷ್ಟದ ಸುತ್ತೇ. ಹದಿನಾರು ಕಿಲೋಮೀಟರ್ ಆಸುಪಾಸಿನ ನಡಿಗೆ, ಮರದ ನೆರಳಿಲ್ಲದ ನೆತ್ತಿಗಳು, ಕಾದ ಬಂಡೆ, ಎರಡು ಕಡೆ ಹೊಳೆ. ಮಲೆನಾಡಿನಲ್ಲಿ ಬೆಟ್ಟದ ಎತ್ತರ ನಿಮ್ಮನ್ನು ದಣಿಸುತ್ತದೆ, ಇಲ್ಲಿ ಬಿಸಿಲು ದಣಿಸುತ್ತದೆ.

ಕಾಲ ಕೆಳಗಿನ ಕಲ್ಲನ್ನು ಓದುವುದು

ಇಲ್ಲಿನ ಬಂಡೆಗಳನ್ನು ಯಾರೋ ತಂದು ಒಟ್ಟಿದಂತೆ ಕಾಣುತ್ತದೆ. ಯಾರೂ ಒಟ್ಟಿಲ್ಲ. ಇದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ನೆಲದಾಳದಲ್ಲಿದ್ದಾಗಲೇ ಇದರಲ್ಲಿ ಉದ್ದಕ್ಕೂ ಅಡ್ಡಕ್ಕೂ ಸೀಳುಗಳು ಬಿದ್ದವು. ಆ ಸೀಳುಗಳಲ್ಲಿ ನೀರಿಳಿದು ಕಲ್ಲಿನ ಮೂಲೆ ಅಂಚುಗಳನ್ನು ಮೊದಲು ತಿಂದಿತು. ಚೌಕದ ಕಲ್ಲು ಮೆಲ್ಲಗೆ ದುಂಡಗಾಯಿತು. ಸುತ್ತಲ ಮೆತ್ತನೆಯ ಮಣ್ಣು ಮಳೆಗೆ ಕೊಚ್ಚಿಹೋದ ಮೇಲೆ ದುಂಡುಬಂಡೆಗಳು ಇದ್ದಲ್ಲೇ ಒಂದರ ಮೇಲೊಂದು ಉಳಿದವು. ಇದನ್ನು ತಿಳಿದುಕೊಂಡರೆ ನಡಿಗೆಗೂ ಉಪಯೋಗವಿದೆ. ಬೆಟ್ಟದಷ್ಟು ದೊಡ್ಡ ಬಂಡೆ ಅಲುಗುವುದಿಲ್ಲ. ಅದರ ಸಂದಿನಲ್ಲಿ ಸಿಕ್ಕಿಕೊಂಡ ಸಣ್ಣ ಕಲ್ಲು ಅಲುಗುತ್ತದೆ. ಕಾಲಿಡುವ ಮುನ್ನ ಅಂಗಾಲಿನಿಂದ ಒತ್ತಿ ನೋಡಿ, ಆಮೇಲೆ ಮೈಭಾರ ಹಾಕಿ.

ಒಣಗಿದ ಗ್ರಾನೈಟ್ ಉಪ್ಪುಕಾಗದದಂತೆ ಒರಟು. ರಬ್ಬರ್ ಅಡಿಯ ಬೂಟು ಅದನ್ನು ಗಟ್ಟಿಯಾಗಿ ಹಿಡಿಯುತ್ತದೆ. ಜಾರಿಸುವುದು ಮೂರು: ಅದರ ಮೇಲೆ ಉದುರಿದ ಹರಳುಮರಳು, ಮಳೆಯ ನಂತರದ ಪಾಚಿ, ಮತ್ತು ಸಾವಿರಾರು ಜನ ತುಳಿದು ನುಣುಪಾದ ಹಳೆಯ ಮೆಟ್ಟಿಲು. ಹರಳುಮರಳು ನೋಡಲು ಏನೂ ಅಲ್ಲ, ಆದರೆ ಇಳಿಜಾರು ಬಂಡೆಯ ಮೇಲೆ ಅದು ಕಣದಲ್ಲಿ ಚೆಲ್ಲಿದ ಜೋಳದ ಕಾಳಿನಂತೆ ಉರುಳುತ್ತದೆ. ಅಲ್ಲಿ ಹಿಮ್ಮಡಿ ಊರಬೇಡಿ. ಪಾದ ಪೂರ್ತಿ ಊರಿ, ಮೊಳಕಾಲು ಸ್ವಲ್ಪ ಬಗ್ಗಿಸಿ, ಸಣ್ಣ ಹೆಜ್ಜೆಯಲ್ಲಿ ಇಳಿಯಿರಿ. ಹೆದರಿ ಹಿಂದಕ್ಕೆ ವಾಲಿದರೆ ಜಾರುವುದು ಹೆಚ್ಚು. ತೀರಾ ಕಡಿದಾಗಿದ್ದರೆ ಕೂತುಕೊಂಡೇ ಜರುಗಿ, ಅದರಲ್ಲಿ ನಾಚಿಕೆಯಿಲ್ಲ.

ದಾರಿ ಮತ್ತು ಹೊತ್ತು

ಹಿಂದಿನ ರಾತ್ರಿ ಆನೆಗೊಂದಿಯಲ್ಲಿ ತಂಗಿ. ಸುತ್ತು ಎಡಗೈ ಕಡೆಗೆ: ಆನೆಗೊಂದಿಯಿಂದ ಪಶ್ಚಿಮಕ್ಕೆ ಅಂಜನಾದ್ರಿ, ಋಷ್ಯಮೂಕ, ವಿರುಪಾಪುರಗಡ್ಡೆ, ಹೊಳೆ ದಾಟಿ ಹಂಪಿಯ ಹೇಮಕೂಟ, ಮಾತಂಗ, ಅಲ್ಲಿಂದ ಪೂರ್ವಕ್ಕೆ ತಳವಾರಘಟ್ಟ, ಮತ್ತೆ ಹೊಳೆ ದಾಟಿ ಆನೆಗೊಂದಿ. ಡಿಸೆಂಬರ್–ಜನವರಿಯ ಹಗಲನ್ನು ಲೆಕ್ಕಕ್ಕೆ ಹಿಡಿದರೆ ಹೊತ್ತುಪಟ್ಟಿ ಹೀಗೆ:

ಬೆಳಗ್ಗೆ 6.00: ಆನೆಗೊಂದಿಯಿಂದ ಹೊರಡುವುದು. ಇನ್ನೂ ಕತ್ತಲಿರುತ್ತದೆ, ಕೈಯಲ್ಲಿ ಟಾರ್ಚ್ ಇರಲಿ. ಭತ್ತದ ಗದ್ದೆ, ಬಾಳೆತೋಟಗಳ ನಡುವಿನ ಡಾಂಬರು ರಸ್ತೆ, ಸುಮಾರು 5 ಕಿ.ಮೀ. ದಾರಿಯಲ್ಲಿ ಪಂಪಾಸರೋವರದ ಕವಲು. ಈ ಭಾಗವನ್ನು ತಂಪಿನಲ್ಲೇ ಮುಗಿಸುವುದು ಜಾಣತನ.

7.15: ಅಂಜನಾದ್ರಿಯ ಬುಡ. ಬೆಳ್ಳಗೆ ಸುಣ್ಣ ಬಳಿದ ಮೆಟ್ಟಿಲುಗಳು ದೂರದಿಂದಲೇ ಬೆಟ್ಟಕ್ಕೆ ಕಟ್ಟಿದ ದಾರದಂತೆ ಕಾಣುತ್ತವೆ. ನೂರು ಮೆಟ್ಟಿಲಿಗೊಮ್ಮೆ ನಿಂತು ಉಸಿರು ಸಮ ಮಾಡಿಕೊಂಡು ಹತ್ತಿ. ಮೇಲೆ ಕೆಲವೆಡೆ ಬಂಡೆಯಡಿ ತಲೆಬಾಗಿಸಿ ನುಸುಳಬೇಕು, ಬೆನ್ನಚೀಲ ದೊಡ್ಡದಿದ್ದರೆ ಅಲ್ಲಿ ತಗುಲುತ್ತದೆ.

8.00ರೊಳಗೆ: ನೆತ್ತಿ. ಹನುಮಪ್ಪನಿಗೆ ಕೈಮುಗಿದ ಮೇಲೆ ದಕ್ಷಿಣದ ಬಂಡೆಯ ಮೇಲೆ ಐದು ನಿಮಿಷ ಕೂತುಕೊಳ್ಳಿ. ನಿಮ್ಮ ಇಡೀ ದಿನ ಕಣ್ಣ ಮುಂದೆ ಹಾಸಿರುತ್ತದೆ. ಹೊಳೆಯ ತಿರುವು, ಅದರಾಚೆ ವಿರೂಪಾಕ್ಷನ ಗೋಪುರ, ಅದರ ಪೂರ್ವಕ್ಕೆ ಮಾತಂಗ. ಈ ಹೊತ್ತಿನಲ್ಲಿ ನೆರಳು ಎಲ್ಲೆಲ್ಲಿ ಬಿದ್ದಿದೆ, ಹೊಳೆಯಲ್ಲಿ ಬಂಡೆಗಳು ಎಷ್ಟು ಮೇಲೆದ್ದು ಕಾಣುತ್ತಿವೆ ನೋಡಿ. ಬಂಡೆಗಳು ಮುಳುಗಿದ್ದರೆ ನೀರು ಹೆಚ್ಚಿದೆ ಎಂದೇ ಅರ್ಥ.

9.00: ಹನುಮನಹಳ್ಳಿ ಕಡೆಯಿಂದ ಋಷ್ಯಮೂಕ. ವಾಲಿಗೆ ಮತಂಗ ಮುನಿಯ ಶಾಪವಿದ್ದದ್ದರಿಂದ ಅವನು ಕಾಲಿಡಲಾರದ ಈ ಬೆಟ್ಟದಲ್ಲಿ ಸುಗ್ರೀವ ಅಡಗಿದ್ದನೆಂದು ರಾಮಾಯಣ ಹೇಳುತ್ತದೆ. ಅಡಗಲು ತಕ್ಕ ಜಾಗವೇ. ಅಂಜನಾದ್ರಿಯಷ್ಟು ಜನ ಇಲ್ಲಿಗೆ ಬರುವುದಿಲ್ಲ, ದಾರಿ ಬಂಡೆಗಳ ನಡುವೆ ಮರೆಯಾಗಿ ಮತ್ತೆ ಸಿಗುತ್ತದೆ. ಊರಿನವರನ್ನು ಕೇಳಿಕೊಂಡೇ ಹತ್ತಿ. ದಾರಿ ತಪ್ಪಿತೆನಿಸಿದರೆ ಮುಂದೆ ಹುಡುಕುವ ಬದಲು ಕಡೆಯ ಸಲ ಕಂಡ ಗುರುತಿಗೆ ಮರಳಿ.

10.15: ವಿರುಪಾಪುರಗಡ್ಡೆ, ಮೊದಲ ದೋಣಿ.

10.45: ಹಂಪಿ. ತಿಂಡಿ. ಆಮೇಲೆ ಹೇಮಕೂಟ. ಇದು ಏರಿಕೆಯಲ್ಲಿ ಸಣ್ಣದು, ಆದರೆ ಸಣ್ಣ ಸಣ್ಣ ಗುಡಿ–ಮಂಟಪಗಳ ನೆರಳಿನಿಂದ ಇಡೀ ಸುತ್ತಿನಲ್ಲೇ ಹೆಚ್ಚು ಬೆಲೆಯುಳ್ಳ ಜಾಗ.

11.30ರಿಂದ 3.00: ವಿಶ್ರಾಂತಿ. ಇದನ್ನು ಆಲಸ್ಯ ಎಂದುಕೊಳ್ಳಬೇಡಿ. ಈ ಮೂರೂವರೆ ತಾಸು ಬಂಡೆ ಕಾದ ಹಂಚಾಗಿರುತ್ತದೆ. ನಮ್ಮ ಹೊಲದ ಕೂಲಿಯವರು ನಡುಮಧ್ಯಾಹ್ನ ಬೇವಿನ ಮರದ ಕೆಳಗೆ ಮಲಗುವುದು ಇದೇ ಲೆಕ್ಕದಲ್ಲಿ.

3.00: ಎದುರು ಬಸವಣ್ಣನ ಬಳಿಯಿಂದ ಮಾತಂಗದ ಕಲ್ಲುಮೆಟ್ಟಿಲು. ಕೆಲವು ಮೆಟ್ಟಿಲು ಮುರಿದಿವೆ, ಕೆಲವು ಓರೆಯಾಗಿವೆ. ನೆತ್ತಿಯಲ್ಲಿ ವೀರಭದ್ರನ ಗುಡಿ. ಇಲ್ಲಿಂದ ಉತ್ತರಕ್ಕೆ ತಿರುಗಿದರೆ ಬೆಳಗ್ಗೆ ಹತ್ತಿದ ಅಂಜನಾದ್ರಿಯ ಬಿಳಿ ಮೆಟ್ಟಿಲು ಕಾಣುತ್ತದೆ. ನಡೆದದ್ದೆಷ್ಟು ಎಂದು ಕಾಲಿಗೆ ಗೊತ್ತಿದ್ದದ್ದು ಕಣ್ಣಿಗೂ ಗೊತ್ತಾಗುವ ಜಾಗ ಇದು.

4.00: ಮಾತಂಗವನ್ನು ಬಿಡಲೇಬೇಕಾದ ಹೊತ್ತು. ಇಲ್ಲಿ ಸೂರ್ಯಾಸ್ತ ನೋಡುವ ಆಸೆಯಿದ್ದರೆ ಇನ್ನೊಂದು ದಿನ ಅದಕ್ಕೆಂದೇ ಬನ್ನಿ. ಸುತ್ತಿನ ದಿನ ಅದು ಸಲ್ಲದು.

4.40: ಅಚ್ಯುತರಾಯನ ಕಾಲದಲ್ಲಿ, 1534ರಲ್ಲಿ ಕಟ್ಟಿದ ತಿರುವೆಂಗಳನಾಥನ ಗುಡಿ. ಜನ ಅದನ್ನು ಅಚ್ಯುತರಾಯನ ಗುಡಿ ಎಂದೇ ಕರೆಯುತ್ತಾರೆ. ಗುಡಿಯ ಮುಂದಿನ ಹಳೆಯ ಬಜಾರಿನ ಉದ್ದಕ್ಕೂ ನಡೆದರೆ ಹೊಳೆಯ ದಾರಿ ಸಿಗುತ್ತದೆ. ಅಲ್ಲಿಂದ ಬಲಕ್ಕೆ, ತುಲಾಭಾರದ ಕಲ್ಲುಕಂಬ ದಾಟಿ ವಿಠಲನ ಗುಡಿ.

5.30: ತಳವಾರಘಟ್ಟ, ಎರಡನೆಯ ದೋಣಿ. ಆಮೇಲೆ ಆನೆಗೊಂದಿ.

ಈ ದಿನ ಗುಡಿಗಳೊಳಗೆ ಶಿಲ್ಪ ನೋಡುತ್ತ ನಿಲ್ಲುವ ದಿನವಲ್ಲ. 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಹಂಪಿಯನ್ನು ನೋಡಲು ಬೇರೆ ಮೂರು ದಿನ ಇಟ್ಟುಕೊಳ್ಳಿ.

ಇದೇ ದಿಕ್ಕು ಏಕೆ

ತಿರುವು ಮುರುವಾಗಿ ಸುತ್ತಿದರೆ ಏನಾಗುತ್ತದೆ ನೋಡಿ. ಬೆಳಗಿನ ಮೊದಲ ಕೆಲಸವೇ ದೋಣಿ ಕಾಯುವುದಾಗುತ್ತದೆ. ತಂಪು ಹೊತ್ತು ದಡದಲ್ಲಿ ಕಳೆಯುತ್ತದೆ. ಸಂಜೆ ಅಂಜನಾದ್ರಿಯ ಜನಜಂಗುಳಿಯಲ್ಲಿ ಸಿಕ್ಕು, ಕೊನೆಯ 5 ಕಿ.ಮೀ. ವಾಹನ ಓಡಾಡುವ ರಸ್ತೆಯಲ್ಲಿ ಕತ್ತಲಲ್ಲಿ ನಡೆಯಬೇಕು. ನಾನು ಹೇಳಿದ ದಿಕ್ಕಿನಲ್ಲಿ ಹಾಗಾಗುವುದಿಲ್ಲ. ಉದ್ದನೆಯ ರಸ್ತೆಯೂ ಎರಡು ಬೆಟ್ಟಗಳೂ ತಂಪಿನಲ್ಲಿ ಮುಗಿಯುತ್ತವೆ. ಮೊದಲ ದೋಣಿಗೆ ಬರುವ ಹೊತ್ತಿಗೆ ಅದು ಓಡಾಡುತ್ತಿರುತ್ತದೆ. ನಡುಹಗಲಿಗೆ ಸರಿಯಾಗಿ ನೆರಳು, ನೀರು, ಊಟ ಇರುವ ಜಾಗ ಸಿಗುತ್ತದೆ. ಮಾತಂಗದಿಂದ ಪೂರ್ವಕ್ಕೆ ಇಳಿಯುವಾಗ ಬೆಟ್ಟವೇ ಪಡುವಣ ಬಿಸಿಲಿಗೆ ಅಡ್ಡ ನಿಲ್ಲುತ್ತದೆ.

ಬಿಟ್ಟು ಬರುವ ಬಾಗಿಲುಗಳು

ಈ ಸುತ್ತಿಗೆ ಮೂರು ಬಾಗಿಲುಗಳಿವೆ. ಮೊದಲನೆಯದು ಅಂಜನಾದ್ರಿಯ ಬುಡ. ಅಲ್ಲಿ ಆಟೊಗಳಿರುತ್ತವೆ, ಮೊದಲ ಬೆಟ್ಟಕ್ಕೇ ಯಾರಿಗಾದರೂ ತಲೆ ಸುತ್ತಿದರೆ ಅಲ್ಲಿಂದಲೇ ಆನೆಗೊಂದಿಗೆ ಮರಳಲಿ. ಎರಡನೆಯದು ವಿರುಪಾಪುರಗಡ್ಡೆಯ ದಡ, ಇದೇ ಮುಖ್ಯ. 11 ಗಂಟೆಯಾದರೂ ಇಲ್ಲಿಗೆ ಬರಲಾಗದಿದ್ದರೆ, ಅಥವಾ ದೋಣಿ ನಿಂತಿದ್ದರೆ, ಹೊಳೆ ದಾಟಬೇಡಿ. ಎರಡು ಬೆಟ್ಟ ಹತ್ತಿದ್ದೀರಿ, ಅದು ಸಣ್ಣ ಮಾತಲ್ಲ. ಹೊಳೆ ದಾಟಿದ ಮೇಲೆ ನಿಮ್ಮ ಚೀಲ ಒಂದು ದಡ, ನೀವು ಒಂದು ದಡ.

ಮೂರನೆಯದು ಹಂಪಿಯ ಬಜಾರು. ಮಧ್ಯಾಹ್ನದ ವಿಶ್ರಾಂತಿಯ ನಂತರವೂ ಮೈ ಏಳದಿದ್ದರೆ ಮಾತಂಗ ಬಿಟ್ಟುಬಿಡಿ. ಬಜಾರಿನಿಂದ ಹೊಳೆದಂಡೆಯ ದಾರಿ ಹಿಡಿದು, ಚಕ್ರತೀರ್ಥದ ಕೋದಂಡರಾಮನ ಗುಡಿ ಮೇಲೆ ವಿಠಲನ ಗುಡಿಗೆ ಹೋಗಬಹುದು. ದೊಡ್ಡ ಏರಿಕೆಯಿಲ್ಲ. ಒಂದು ಬೆಟ್ಟ ಕಡಿಮೆಯಾದರೂ ಸುತ್ತು ಕೂಡುತ್ತದೆ.

ಹೊಳೆಯ ಲೆಕ್ಕ

ಹರಿಗೋಲನ್ನು ಕೆಲವರು ತೆಪ್ಪ ಎನ್ನುತ್ತಾರೆ. ಬಿದಿರಿನ ದಬ್ಬೆಗಳನ್ನು ಹೆಣೆದ ದುಂಡನೆಯ ಬುಟ್ಟಿ, ಹೊರಗೆ ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ದಪ್ಪ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಅಡಿ ಚಪ್ಪಟೆಯಾದ್ದರಿಂದ ಆಳವಿಲ್ಲದ ನೀರಿನ ಬಂಡೆಗಳ ಮೇಲೂ ತೇಲುತ್ತದೆ. ಈ ಹೊಳೆಗೆ ಅದು ಹೇಳಿ ಮಾಡಿಸಿದ ವಾಹನ. ಆದರೆ ಸೆಳವಿಗೆ ಸಿಕ್ಕರೆ ತಿರುಗಲು ಶುರುವಾಗುತ್ತದೆ. ಒಳಗೆ ಕೂತವರು ಎದ್ದು ನಿಂತರೆ ಮಗುಚುತ್ತದೆ. ಹುಟ್ಟು ಹಾಕುವವರು ಹೇಳಿದ ಕಡೆ ಕುಕ್ಕರುಗಾಲಲ್ಲಿ ಕೂತು, ಚೀಲ ನಡುವೆ ಇಟ್ಟು, ದಡ ಮುಟ್ಟುವವರೆಗೆ ಅಲುಗಬೇಡಿ. ಜೀವರಕ್ಷಕ ಜಾಕೆಟ್ ಕೇಳಿ ಹಾಕಿಕೊಳ್ಳಿ. ಹೆಚ್ಚು ಜನ ತುಂಬಿದ್ದರೆ ಮುಂದಿನ ಸರದಿಗೆ ಕಾಯಿರಿ.

ದೋಣಿಗಳು ಬೆಳಕಿದ್ದಾಗ ಮಾತ್ರ ನಡೆಯುತ್ತವೆ. ಹೊತ್ತು ನೀರಿನ ಮೇಲೆ, ಜನರ ಮೇಲೆ ಬದಲಾಗುತ್ತದೆ. ಎರಡೂ ದಡದವರನ್ನು ಹಿಂದಿನ ದಿನವೇ ಕೇಳಿಟ್ಟುಕೊಳ್ಳಬೇಕು.

ನೀರು ಯಾರ ಕೈಯಲ್ಲಿದೆ ಎಂದರೆ ಅಣೆಕಟ್ಟಿನ ಕೈಯಲ್ಲಿ. ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿಗೆ 33 ಕ್ರೆಸ್ಟ್ ಗೇಟುಗಳಿವೆ. ಅದು ತುಂಬಿ ಗೇಟು ತೆರೆದರೆ ಕೆಳಗೆ ಹಂಪಿಯಲ್ಲಿ ಪುರಂದರ ಮಂಟಪ ನೀರಿನೊಳಗೆ ನಿಲ್ಲುತ್ತದೆ, ದೋಣಿ ನಿಲ್ಲುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದದ್ದು ನಮ್ಮ ಕಡೆ ಎಲ್ಲರಿಗೂ ನೆನಪಿದೆ. ಹೊಳೆ ಏರಲು ನಿಮ್ಮ ತಲೆಯ ಮೇಲೆ ಮಳೆ ಬೀಳಬೇಕಿಲ್ಲ, ಮಲೆನಾಡಿನಲ್ಲಿ ಬಿದ್ದರೆ ಸಾಕು. ಒಮ್ಮೆ ಬಿಸಿಲು ಹೊಳೆಯುತ್ತಿದ್ದ ದಿನ ದಡಕ್ಕೆ ಹೋದಾಗ ಹುಟ್ಟು ಹಿಡಿದಿದ್ದ ಹಿರಿಯರು ನೀರಿನ ಕಡೆ ನೋಡದೆಯೇ ಹೇಳಿದರು: “ಇವತ್ತ ಆಗೂದಿಲ್ರೀ ತಮ್ಮಾ, ಮ್ಯಾಲೆ ನೀರು ಬಿಟ್ಟಾರ. ನಾಳಿ ನೋಡೂಣು.” ಅಂಥ ಮಾತಿಗೆ ಎದುರು ಚೌಕಾಸಿ ಇಲ್ಲ. ಹೆಚ್ಚು ದುಡ್ಡು ಕೊಡುತ್ತೇವೆ ಎನ್ನಬೇಡಿ.

ಹೊಳೆಯನ್ನು ನಡೆದೋ ಈಜಿಯೋ ದಾಟುವ ಯೋಚನೆ ಬೇಡವೇ ಬೇಡ. ಮೇಲೆ ತಿಳಿಯಾಗಿ ಕಾಣುವ ನೀರಿನಡಿ ಬಂಡೆಯ ಪೊಟರೆಗಳೂ ಸುಳಿಗಳೂ ಇವೆ. 2025ರ ಫೆಬ್ರವರಿಯಲ್ಲಿ ಸಾಣಾಪುರದ ಬಳಿ ಬಂಡೆಯಿಂದ ನೀರಿಗೆ ಹಾರಿದ ಹೈದರಾಬಾದಿನ ಯುವ ವೈದ್ಯೆಯೊಬ್ಬರು ಕೊಚ್ಚಿಹೋಗಿ ತೀರಿಕೊಂಡರು. ಈಜು ಬಂದರೂ ಈ ಹೊಳೆ ಬೇರೆ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಈ ಸುತ್ತು ಬೇಡ. ಸೀತೆಯನ್ನು ಹುಡುಕುವ ಆತುರವಿದ್ದ ರಾಮನೂ ಮಳೆಗಾಲ ಮುಗಿಯುವವರೆಗೆ ಇಲ್ಲೇ ಮಾಲ್ಯವಂತ ಬೆಟ್ಟದಲ್ಲಿ ಕಾದನೆಂಬುದು ಈ ನೆಲದ ನಂಬಿಕೆ. ಮಾರ್ಚ್‌ನಿಂದ ಮೇವರೆಗೆ ಬಿಸಿಲು 40 ಡಿಗ್ರಿ ಮುಟ್ಟಿ ದಾಟುತ್ತದೆ. ಉಳಿಯುವುದು ನವೆಂಬರ್‌ನಿಂದ ಫೆಬ್ರವರಿ. ಅದರಲ್ಲೂ ಡಿಸೆಂಬರಿನ ಹನುಮಮಾಲೆ ವಿಸರ್ಜನೆಯ ದಿನಗಳಲ್ಲಿ ಅಂಜನಾದ್ರಿ ತುಂಬಿ ತುಳುಕುತ್ತದೆ. ಶನಿವಾರಗಳಲ್ಲೂ ಜನ ಹೆಚ್ಚು. ವಾರದ ನಡುವಿನ ದಿನ ಆರಿಸಿಕೊಳ್ಳಿ.

ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಎಣಿಸುವುದು ಹೇಗೆ

1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಬೆಟ್ಟಗಾರ ಒಂದು ಸರಳ ಲೆಕ್ಕ ಹೇಳಿದ. ಸಮತಟ್ಟಿನಲ್ಲಿ ತಾಸಿಗೆ ಸುಮಾರು 5 ಕಿ.ಮೀ., ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ತಾಸು. ಈ ಲೆಕ್ಕಕ್ಕೆ ನಮ್ಮ ಸುತ್ತನ್ನು ಹಾಕಿದರೆ 16 ಕಿ.ಮೀ.ಗೆ 3 ತಾಸು 12 ನಿಮಿಷ, 400 ಮೀಟರ್ ಏರಿಕೆಗೆ 40 ನಿಮಿಷ, ಒಟ್ಟು ನಾಲ್ಕು ತಾಸಿನೊಳಗೆ ಮುಗಿಯಬೇಕು. ಮುಗಿಯುವುದಿಲ್ಲ. ಆ ಲೆಕ್ಕದಲ್ಲಿ ನಮ್ಮ ಬಿಸಿಲಿಲ್ಲ, ಬಂಡೆಯ ಇಳಿಕೆಯಿಲ್ಲ, ದೋಣಿಯ ಕಾಯುವಿಕೆಯಿಲ್ಲ, ಮೆಟ್ಟಿಲ ಮೇಲಿನ ಜನವಿಲ್ಲ. ಬಂದ ಉತ್ತರವನ್ನು ಎರಡರಿಂದ ಗುಣಿಸಿ, ಮೇಲೆ ಮಧ್ಯಾಹ್ನದ ಮೂರೂವರೆ ತಾಸು ಕೂಡಿಸಿ. ಹನ್ನೊಂದೂವರೆ ತಾಸಿನ ಹತ್ತಿರ ಬರುತ್ತದೆ. ಮೇಲಿನ ಹೊತ್ತುಪಟ್ಟಿಯೂ ಅಷ್ಟೇ ಇದೆ. ಚಳಿಗಾಲದ ಹಗಲೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಉಳಿಕೆ ಏನೂ ಇಲ್ಲ. ಇದೇ ಈ ಸುತ್ತಿನ ನಿಜವಾದ ಕಷ್ಟ.

ಗುಂಪಿನ ವೇಗವನ್ನು ಮುಂದಿರುವವರಿಂದ ಅಳೆಯಬೇಡಿ. ಅತಿ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಟ್ಟು, ದಾರಿ ಬಲ್ಲವರೊಬ್ಬರು ಹಿಂದೆ ಬರಲಿ. ನಾಲ್ಕರಿಂದ ಆರು ಜನ ಸರಿಯಾದ ಗುಂಪು. ಮಾತಂಗಕ್ಕಾಗಲಿ ಋಷ್ಯಮೂಕಕ್ಕಾಗಲಿ ಒಬ್ಬರೇ ಹೋಗಬೇಡಿ.

ನೀರು, ಬುತ್ತಿ, ಬಿಸಿಲು

ಒಬ್ಬರಿಗೆ ದಿನಕ್ಕೆ 4 ಲೀಟರ್ ನೀರು. ಎಲ್ಲವನ್ನೂ ಹೊತ್ತು ನಡೆಯಬೇಕಿಲ್ಲ. ಹೊರಡುವಾಗ 2 ಲೀಟರ್, ಹಂಪಿಯಲ್ಲಿ ಮತ್ತೆ ತುಂಬಿಸಿ 2 ಲೀಟರ್. ಬಾಯಾರುವವರೆಗೆ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ಮೂರು ಗುಟುಕು ಕುಡಿಯಿರಿ. ಬರೀ ನೀರು ಸಾಲದು, ಬೆವರಲ್ಲಿ ಉಪ್ಪೂ ಹೋಗುತ್ತದೆ. ಓಆರ್‌ಎಸ್ ಪುಡಿ ಎರಡು ಪೊಟ್ಟಣ ಇರಲಿ. ಹಂಪಿಯಲ್ಲಿ ಉಪ್ಪು ಹಾಕಿದ ಮಜ್ಜಿಗೆ ಸಿಕ್ಕರೆ ಇನ್ನೂ ಒಳ್ಳೆಯದು.

ಬುತ್ತಿಗೆ ನಮ್ಮ ಮನೆಯದೇ ಸಾಕು. ಕಟಕ ರೊಟ್ಟಿ ಕೆಡುವುದಿಲ್ಲ, ಹಗುರ, ಹೊಟ್ಟೆ ಹಿಡಿಯುತ್ತದೆ. ಜೊತೆಗೆ ಶೇಂಗಾ ಚಟ್ನಿಪುಡಿ, ಒಂದು ಉಳ್ಳಾಗಡ್ಡಿ, ಎರಡು ಶೇಂಗಾ ಹೋಳಿಗೆ. ಹೋಳಿಗೆಯ ಬೆಲ್ಲ ಮಾತಂಗದ ಬುಡದಲ್ಲಿ ಕೆಲಸಕ್ಕೆ ಬರುತ್ತದೆ. ರೊಟ್ಟಿ ಮುರಿಯದಂತೆ ಸ್ಟೀಲ್ ಡಬ್ಬಿಯಲ್ಲಿಡಿ, ಕೋತಿಗಳಿಗೆ ಪ್ಲಾಸ್ಟಿಕ್ ಚೀಲದ ಸದ್ದೇ ಕರೆ. ಅಂಜನಾದ್ರಿಯಲ್ಲಿ ಕೈಯಲ್ಲಿ ಏನೂ ಹಿಡಿದಿರಬೇಡಿ.

ತಲೆಗೆ ಹತ್ತಿಯ ಟವೆಲ್, ಮೈಗೆ ತೋಳು ಮುಚ್ಚುವ ತೆಳು ಹತ್ತಿ ಅಂಗಿ. ಗುಂಪಿನಲ್ಲಿ ಯಾರಾದರೂ ಬೆವರುವುದು ನಿಂತು, ಮೈ ಬಿಸಿಯಾಗಿ, ತಲೆನೋವು ಎನ್ನುತ್ತ ಮಾತು ತಡವರಿಸಿದರೆ ಅದು ಬಿಸಿಲಾಘಾತದ ಲಕ್ಷಣ. ಬೆವರು ಇದ್ದರೂ ಮಾತು ತಪ್ಪುತ್ತಿದ್ದರೆ ಅದೂ ಅಪಾಯವೇ. ತಕ್ಷಣ ನೆರಳಿಗೆ ತಂದು, ಅಂಗಿ ಸಡಿಲಿಸಿ, ಕತ್ತು, ಕಂಕುಳು, ತೊಡೆಸಂದಿಗೆ ತಣ್ಣೀರ ಬಟ್ಟೆ ಹಾಕಿ, ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹೊಯ್ಯಬೇಡಿ. ಬೇರೆ ಯಾವುದೇ ತುರ್ತಿಗೆ 112. ಬಂಡೆಗಳ ನಡುವೆ ಸಿಗ್ನಲ್ ಸಿಗದಿರಬಹುದು, ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ.

ಬೆಟ್ಟದ ಒಡೆಯರು

1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮ ಹಂಪಿಯಿಂದ ದೂರವಿಲ್ಲ. ಈ ಬಂಡೆಗಳ ಗವಿಗಳು ಕರಡಿಗೂ ಚಿರತೆಗೂ ಮನೆ. ಆನೆಗೊಂದಿ ಕಡೆಯ ಬೆಟ್ಟಗಳಲ್ಲಿ ಚಿರತೆ ಮನುಷ್ಯರ ಮೇಲೆರಗಿದ ಘಟನೆಗಳೂ ನಡೆದಿವೆ. ಅವು ಓಡಾಡುವುದು ಮುಸ್ಸಂಜೆ ಮತ್ತು ನಸುಕಿನಲ್ಲಿ. ಅದಕ್ಕೇ ನಸುಕಿನ ನಡಿಗೆ ರಸ್ತೆಯ ಮೇಲಿರಲಿ, ಗುಂಪಾಗಿ ಮಾತಾಡುತ್ತ ನಡೆಯಿರಿ, ಮುಸ್ಸಂಜೆಗೆ ಬೆಟ್ಟದ ಮೇಲಿರಬೇಡಿ, ಗವಿಯೊಳಗೆ ಇಣುಕಬೇಡಿ. ದೊಡ್ಡ ಬಂಡೆಗಳ ಚಾಚಿನಡಿ ಹೆಜ್ಜೇನು ತೂಗುತ್ತಿರುತ್ತದೆ. ಅಲ್ಲಿ ಸೆಂಟು, ಹೊಗೆ, ಕೂಗಾಟ ಬೇಡ. ಕೈಯಿಡುವ ಸಂದನ್ನು ಕಣ್ಣಿನಿಂದ ನೋಡದೆ ಕೈಯಿಡಬೇಡಿ, ಹಾವು ಚೇಳು ಇರುತ್ತವೆ.

ಮನೆಯ ಹತ್ತಿರವೇ ತಾಲೀಮು

ಎರಡು ತಿಂಗಳು ಮೊದಲೇ ಕಾಲು ತಯಾರಾಗಬೇಕು. ರಾಯಚೂರಿನವರಿಗೆ ಕೋಟೆಯ ಬೆಟ್ಟವಿದೆ. ವಾರಕ್ಕೆ ಎರಡು ದಿನ ಹತ್ತಿಳಿಯಿರಿ. ಮೊದಲ ವಾರ ದಿನಕ್ಕೆ ಒಮ್ಮೆ, ಆಮೇಲೆ ಬಿಡದೆ ಎರಡು ಸಲ, ಎಂಟನೆಯ ವಾರಕ್ಕೆ ನಾಲ್ಕು ಸಲ. ದಣಿದಾಗ ಕೋಟೆಗೋಡೆಯ 41 ಅಡಿಗೂ ಉದ್ದದ ಆ ಒಂದೇ ಕಲ್ಲನ್ನು ನೋಡಿ. 1294ರ ಶಾಸನ ಅದರ ಮೇಲಿದೆ. ಅಂಥ ಕಲ್ಲನ್ನು ಬಂಡಿಗೆ ಹೇರಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೊರೆದಿದ್ದಾರೆ. ಮಸ್ಕಿಯ ಕಡೆಯವರಿಗೆ ಅಶೋಕನ ಶಾಸನವಿರುವ ಗುಡ್ಡವಿದೆ. 1915ರಲ್ಲಿ ಬೆಳಕಿಗೆ ಬಂದ ಆ ಶಾಸನದಿಂದಲೇ ದೇವಾನಾಂಪ್ರಿಯ ಎಂದರೆ ಅಶೋಕ ಎಂಬುದು ಖಚಿತವಾಯಿತು. ಗುಡ್ಡ ಹತ್ತಿರವಿಲ್ಲದವರು ಕಾಲುವೆಯ ಏರಿಯ ಮೇಲೆ ಎರಡು ಲೀಟರ್ ನೀರು ಹೊತ್ತು 10 ಕಿ.ಮೀ. ನಡೆಯಲಿ. ಹೊಸ ಬೂಟು ತಾಲೀಮಿನಲ್ಲೇ ಹಳೆಯದಾಗಬೇಕು.

ಹತ್ತುವುದು ಎದೆಯ ಕೆಲಸ, ಇಳಿಯುವುದು ಮೊಳಕಾಲಿನ ಕೆಲಸ. ಆದ್ದರಿಂದ ಇಳಿಯುವುದನ್ನೇ ಹೆಚ್ಚು ಅಭ್ಯಾಸ ಮಾಡಿ. ಎದೆನೋವು, ಬಿ.ಪಿ., ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಹೊರಡಬೇಡಿ.

ಹಿಂದಿನ ಸಂಜೆ

ಎಲ್ಲ ಕಟ್ಟಿಕೊಂಡು ಆನೆಗೊಂದಿಗೆ ಬಂದಿಳಿದ ಸಂಜೆ ಬೆಟ್ಟದ ಕಡೆ ಹೋಗಬೇಡಿ. ಹೊಳೆಯ ಕಡೆ ಹೋಗಿ. ಹರಿಗೋಲಿನವರನ್ನು ಮಾತಾಡಿಸಿ, ನಾಳೆ ಸಂಜೆ ಎಷ್ಟು ಹೊತ್ತಿನವರೆಗೆ ದಾಟಿಸುತ್ತೀರಿ ಎಂದು ಕೇಳಿ, ಇಷ್ಟು ಜನ ಆ ದಡದಿಂದ ಬರುತ್ತೇವೆ ಎಂದು ಹೇಳಿಡಿ. ಫೋನ್ ನಂಬರು ಬರೆದುಕೊಳ್ಳಿ.

ಆಮೇಲೆ ನೀರಿನ ಅಂಚಿಗೆ ಸರಿಯಾಗಿ ಅಂಗೈಯಗಲದ ಒಂದು ಕಲ್ಲನ್ನು ಇಟ್ಟು ಬನ್ನಿ. ಬೆಳಗ್ಗೆ ಹೊರಡುವ ಮುನ್ನ ಟಾರ್ಚ್ ಹಿಡಿದು ಅದನ್ನು ನೋಡಿ. ಕಲ್ಲು ಒಣಗಿದ್ದರೆ ಹೆಜ್ಜೆ ಹಾಕಿ. ಮುಳುಗಿದ್ದರೆ ಅಂಜನಾದ್ರಿ, ಋಷ್ಯಮೂಕ ಎರಡನ್ನೇ ಹತ್ತಿ ಅದೇ ದಡದಲ್ಲಿ ಮರಳಿ ಬನ್ನಿ, ಮಾತಂಗ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.